ದಿಲ್ಲಿಗೆ ನಲವತ್ತು ಮಕ್ಕಳು, ಒಂದು ಫೈಲು

ಮೊನ್ನೆ ಶನಿವಾರ ಪ್ರವಾಸದ ಲೆಕ್ಕಪತ್ರಕ್ಕೆ ಹೆಡ್ ಮಾಸ್ತರರ ಸಹಿ ಬಿತ್ತು. ಜುಲೈಯಿಂದ ನನ್ನ ಚೀಲದಲ್ಲೇ ಸಂಸಾರ ಹೂಡಿದ್ದ ಫೈಲು ಕೊನೆಗೂ ಕಪಾಟು ಸೇರಿತು. ನಾನು ಬೆಳಗಾವಿ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಒಂಬತ್ತನೇ ಇಯತ್ತೆಯ 40 ಮಕ್ಕಳನ್ನು ಡಿಸೆಂಬರಿನಲ್ಲಿ ದಿಲ್ಲಿಗೆ ಕರೆದುಕೊಂಡು ಹೋಗಿ ಬಂದೆವು. ಹೋದವರು ಎಷ್ಟೋ ಅಷ್ಟೇ ಜನ ತಿರುಗಿ ಬಂದಿದ್ದಾರೆ, ಅದೇ ದೊಡ್ಡದು. ಇದೇ ಹುಚ್ಚು ಇನ್ನೊಬ್ಬ ಮಾಸ್ತರರಿಗೋ ಅಕ್ಕೋರಿಗೋ ಹಿಡಿದರೆ ನಾವು ಬಿದ್ದ ಗುಂಡಿಗಳಲ್ಲೇ ಅವರೂ ಬೀಳಬಾರದು ಅಂತ ಬರೆಯುತ್ತಿದ್ದೇನೆ.

ಶುರುವಾಗಿದ್ದು ಒಂದು ಪ್ರಶ್ನೆಯಿಂದ. ಕಿತ್ತೂರು ಚೆನ್ನಮ್ಮನ ಪಾಠ ಮುಗಿಸುತ್ತ, 2007ರಲ್ಲಿ ಸಂಸತ್ತಿನ ಆವರಣದಲ್ಲಿ ರಾಣಿಯ ಪ್ರತಿಮೆ ನಿಲ್ಲಿಸಿದ್ದಾರೆ ಅಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದು, "ಅಕ್ಕೋರ, ನೀವು ನೋಡೀರೇನ್ರಿ?" ಅಂದಳು. ನೋಡಿರಲಿಲ್ಲ. ಮೂವತ್ತೊಂಬತ್ತು ವರ್ಷದ ನಾನು ಪುಣೆ ದಾಟಿ ಉತ್ತರಕ್ಕೆ ಹೋದವಳೇ ಅಲ್ಲ. ಆ ವಾರವೇ ಹೆಡ್ ಮಾಸ್ತರರ ಮುಂದೆ ಕೂತೆ. ಅವರು ಒಂದು ಮಾತು ಹೇಳಿದರು: "ದಿಲ್ಲಿ ದೂರ ಇಲ್ರಿ, ಕಾಗದ ದೂರ." ಆಗ ನಗು ಬಂತು.

ಮೊದಲ ಕಾಗದ ಅನುಮತಿಯದು. ಶೈಕ್ಷಣಿಕ ಪ್ರವಾಸಗಳನ್ನು ಡಿಸೆಂಬರ್ ಒಳಗೆ ಮುಗಿಸಬೇಕೆಂಬುದು ಇಲಾಖೆಯ ರೂಢಿ. ರಾಜ್ಯದ ಹೊರಗೆ ಅಂದರೆ ಕಡತ ತಾಲೂಕಿನಿಂದ ಜಿಲ್ಲೆಗೆ ಹತ್ತಿ ಇಳಿಯಬೇಕು. ನಮ್ಮದು ಎರಡು ಸಲ ತಿರುಗಿ ಬಂತು. ಒಮ್ಮೆ ಪಾಲಕರ ಒಪ್ಪಿಗೆ ಪತ್ರಗಳಲ್ಲಿ ದಿನಾಂಕವಿಲ್ಲ ಎಂದು. ಇನ್ನೊಮ್ಮೆ, 22 ಹುಡುಗಿಯರಿಗೆ ಒಬ್ಬಳೇ ಶಿಕ್ಷಕಿ ಸಾಲದು ಎಂದು. ಎರಡನೆಯದು ನ್ಯಾಯವೇ. ಹಿಂದಿ ಅಕ್ಕೋರನ್ನು ಒಪ್ಪಿಸಿದೆ. ಅವರಿಗೆ ಹಿಂದಿ ಬರುತ್ತದೆ ಎಂಬುದು ಮುಂದೆ ಎಷ್ಟು ಉಪಕಾರಕ್ಕೆ ಬಂತೆಂದರೆ, ಅವರಿಲ್ಲದೆ ಹೋಗಿದ್ದರೆ ನಾವಿನ್ನೂ ನಿಜಾಮುದ್ದೀನ್ ಸ್ಟೇಶನ್ನಿನ ಹೊರಗೆ ನಿಂತಿರುತ್ತಿದ್ದೆವು. ಪಿಇ ಮಾಸ್ತರರು, ಗಣಿತ ಮಾಸ್ತರರು ಸೇರಿ ನಾಲ್ವರಾದೆವು. ನಮ್ಮ ರೈಲು ಖರ್ಚು ನಮ್ಮ ಜೇಬಿನಿಂದಲೇ ಎಂದು ಮೊದಲೇ ಮಾತಾಡಿಕೊಂಡೆವು. ಇದನ್ನು ಪಾಲಕರ ಸಭೆಯಲ್ಲಿ ಬಾಯಿಬಿಟ್ಟು ಹೇಳಿ. ಹೇಳಿದ ಮೇಲೆ ನಮ್ಮಲ್ಲಿ ಅರ್ಧ ಅನುಮಾನ ಅಲ್ಲೇ ಕರಗಿತು.

ಪಾಲಕರ ಸಭೆಯ ವಿಷಯ ಬೇರೆಯೇ. ಹುಡುಗರ ಅಪ್ಪಂದಿರು ರೊಕ್ಕದ ಲೆಕ್ಕ ಕೇಳಿದರು, ಹುಡುಗಿಯರ ಅವ್ವಂದಿರು ಮಲಗುವ ಲೆಕ್ಕ ಕೇಳಿದರು. ಎಲ್ಲಿ ಮಲಗ್ತಾರ, ಬಾಗಿಲಿಗೆ ಒಳಗಿನ ಚಿಲಕ ಐತೇನು, ರಾತ್ರಿ ರೈಲಿನ್ಯಾಗ ಯಾರು ಎಚ್ಚರ ಇರ್ತಾರ. ಉತ್ತರವಿಲ್ಲದ ಪ್ರಶ್ನೆಗಳನ್ನೆಲ್ಲ ಬರೆದುಕೊಂಡು, ಹದಿನೈದು ದಿನ ಬಿಟ್ಟು ಎರಡನೇ ಸಭೆ ಕರೆದೆ. ಆ ಎರಡನೇ ಸಭೆಯಲ್ಲೇ 31 ಇದ್ದ ಹೆಸರು 40 ಆಯಿತು.

ಇನ್ನು ರೈಲು. ಬೆಳಗಾವಿಯಿಂದ ಗೋವಾ ಎಕ್ಸ್‌ಪ್ರೆಸ್ ಹತ್ತಿದರೆ ಎರಡು ರಾತ್ರಿ, ಒಂದು ಪೂರ್ತಿ ಹಗಲು. ಇಳಿಯುವುದು ಹಜರತ್ ನಿಜಾಮುದ್ದೀನ್. ಶೈಕ್ಷಣಿಕ ಪ್ರವಾಸ ಹೋಗುವ ವಿದ್ಯಾರ್ಥಿಗಳಿಗೆ ಸ್ಲೀಪರ್‌ನಲ್ಲಿ ಅರ್ಧ ರಿಯಾಯಿತಿ ಇದೆ, ಪರಿಶಿಷ್ಟ ಜಾತಿ-ಪಂಗಡದ ಮಕ್ಕಳಿಗೆ ಮುಕ್ಕಾಲು. ಆದರೆ ಕಡಿತವಾಗುವುದು ಮೂಲ ದರದಲ್ಲಿ ಮಾತ್ರ, ರಿಸರ್ವೇಶನ್ ಮತ್ತು ಸೂಪರ್‌ಫಾಸ್ಟ್ ಶುಲ್ಕ ಪೂರ್ತಿ ಕಟ್ಟಬೇಕು. "ಅರ್ಧ ಅಂದಿದ್ರಿ" ಎಂದು ಪಾಲಕರು ಕೇಳುವ ಮೊದಲೇ ಇದನ್ನು ತಿಳಿಸಿಬಿಡಿ. ನಮಗೆ ಹೋಗಿ ಬರಲು ಒಂದು ಮಗುವಿಗೆ ಸುಮಾರು 800 ರೂಪಾಯಿ, ಮುಕ್ಕಾಲು ರಿಯಾಯಿತಿಯವರಿಗೆ ಸುಮಾರು 450 ಬಿತ್ತು.

ಈ ಟಿಕೆಟ್ಟು ಮೊಬೈಲಿನಲ್ಲಿ ಸಿಗುವುದಿಲ್ಲ. ಶಾಲೆಯ ಪ್ರಮಾಣಪತ್ರ, ಹೆಸರು-ವಯಸ್ಸಿನ ಪಟ್ಟಿ ಒಯ್ದು ಮೊದಲು ರೈಲ್ವೆಯಿಂದ ರಿಯಾಯಿತಿ ಆದೇಶ ಪಡೆಯಬೇಕು, ಆಮೇಲೆ ಕೌಂಟರ್. ಒಂದು ಫಾರ್ಮಿನಲ್ಲಿ ಆರೇ ಹೆಸರು. ಗುಂಪಿಗೆ ಒಟ್ಟಿಗೆ ಬೇಕೆಂದರೆ ಅದಕ್ಕೊಂದು ಪ್ರತ್ಯೇಕ ಅರ್ಜಿ. ಬುಕಿಂಗ್ ತೆರೆಯುವುದು ಹೊರಡುವ ದಿನಕ್ಕೆ 60 ದಿನ ಮೊದಲು, ಬೆಳಿಗ್ಗೆ 8ಕ್ಕೆ. ಮೊದಲಿನ 120 ದಿನದ ಲೆಕ್ಕ ಈಗಿಲ್ಲ. ಪಿಇ ಮಾಸ್ತರರು ಹಿಂದಿನ ರಾತ್ರಿಯೇ ಬೆಳಗಾವಿಯ ಮಾವನ ಮನೆಯಲ್ಲಿ ಉಳಿದು, ನಸುಕಿಗೇ ಸಾಲು ಹಿಡಿದರು. ಆದರೂ 33 ಖಚಿತ, 7 ವೇಟಿಂಗ್. ಆ ಏಳು ಹೆಸರು ಎರಡು ತಿಂಗಳು ನನ್ನ ನಿದ್ದೆ ತಿಂದವು. ಚಾರ್ಟ್ ಆಗುವ ಹೊತ್ತಿಗೆ ಐದು ಖಚಿತವಾದವು, ಇಬ್ಬರು ಹುಡುಗರು ಒಂದು ಬರ್ತ್ ಹಂಚಿಕೊಂಡರು. ಮರುಪಯಣದ ಬುಕಿಂಗ್ ಆ ದಿನಾಂಕದ ಲೆಕ್ಕದಲ್ಲಿ ಬೇರೆ ದಿನ ತೆರೆಯುತ್ತದೆ, ಅಂದರೆ ಮಾಸ್ತರರು ಇನ್ನೊಂದು ರಾತ್ರಿ ಮಾವನ ಮನೆಯಲ್ಲಿ. "ಈ ಪ್ರವಾಸದಿಂದ ನನ್ನ ಹೆಂಡತಿಗೆ ಭಾಳ ಖುಷಿ ಆಗೈತಿ" ಎಂದು ಇವತ್ತಿಗೂ ಆಡಿಕೊಳ್ಳುತ್ತಾರೆ.

ಈಗ ಹೆಸರುಗಳ ಕತೆ. ಇದೊಂದನ್ನು ಓದಿ ಉಳಿದದ್ದು ಬಿಟ್ಟರೂ ಅಡ್ಡಿಯಿಲ್ಲ. ಸ್ಯಾಟ್ಸ್‌ನಲ್ಲಿ, ಅಂದರೆ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಲ್ಲಿ ಇರುವ ಹೆಸರಿಗೂ ಆಧಾರ್‌ನಲ್ಲಿರುವ ಹೆಸರಿಗೂ ಹೊಂದದ ಮಕ್ಕಳು ನಲವತ್ತರಲ್ಲಿ ಹನ್ನೊಂದು. ಕನ್ನಡದಲ್ಲಿ ಎಲ್ಲ ಒಂದೇ. ಇಂಗ್ಲಿಷ್ ಅಕ್ಷರಕ್ಕೆ ಹೋದ ಕೂಡಲೇ ಅವತಾರ ಬೇರೆ. ನಮ್ಮ ಲಕ್ಷ್ಮಿ ಶಾಲೆಯಲ್ಲಿ ಕೆ-ಎಸ್-ಎಚ್ ಲಕ್ಷ್ಮಿ, ಆಧಾರ್‌ನಲ್ಲಿ ಎಕ್ಸ್ ಲಕ್ಷ್ಮಿ. ಒಬ್ಬನ ಅಡ್ಡಹೆಸರು ಮುಂದೆ, ಇನ್ನೊಬ್ಬನದು ಹಿಂದೆ, ಮತ್ತೊಬ್ಬನಿಗೆ ಇಲ್ಲವೇ ಇಲ್ಲ. ಇಬ್ಬರ ಹುಟ್ಟಿದ ವರ್ಷವೇ ಬೇರೆ. ರೈಲಿಗೆ ಇದು ಅಂಥ ತೊಂದರೆ ಕೊಡಲಿಲ್ಲ, ಹೆಡ್ ಮಾಸ್ತರರ ಸಹಿ, ಫೋಟೊ ಇರುವ ಗುರುತಿನ ಚೀಟಿಯಲ್ಲಿ ನಡೆಯಿತು. ಹೊಡೆತ ಬಿದ್ದದ್ದು ಸಂಸತ್ತಿನ ಪಾಸಿಗೆ.

ಸಂಸತ್ತಿನೊಳಗೆ ಹೋಗಲು ಸಂಸದರ ಶಿಫಾರಸು, ಎಲ್ಲರ ಹೆಸರು, ಗುರುತಿನ ಸಂಖ್ಯೆ ಮೊದಲೇ ಹೋಗಬೇಕು. ನಾವು ಸೆಪ್ಟೆಂಬರಿನಲ್ಲಿ ಪಟ್ಟಿ ಕೊಟ್ಟೆವು, ಶಾಲೆಯ ರಿಜಿಸ್ಟರಿನಿಂದ ಇಳಿಸಿಕೊಂಡ ಪಟ್ಟಿ. ಹೆಸರು ತಾಳೆಯಾಗುತ್ತಿಲ್ಲ ಎಂದು ತಿರುಗಿ ಬಂತು. ಹನ್ನೊಂದು ಮನೆಗಳಿಗೆ ಹೋಗಿ ಕಾರ್ಡು ತಂದು, ತಿದ್ದಿ, ಮತ್ತೆ ಕಳಿಸುವ ಹೊತ್ತಿಗೆ ದೀಪಾವಳಿ ದಾಟಿತ್ತು. ಆಮೇಲೆ ಫೋನು, ಮತ್ತೆ ಫೋನು, "ನೋಡೋಣ್ರಿ." ಹೊರಡುವ ಮೂರು ದಿನ ಮೊದಲು, ಈ ಸಲ ಆಗುವುದಿಲ್ಲ ಎಂದು ತಿಳಿಯಿತು. ಬೈಯಲು ಯಾರೂ ಸಿಗಲಿಲ್ಲ. ತಪ್ಪು ಪಟ್ಟಿ ಬರೆದ ಕೈ ನನ್ನದೇ. ಯಾವ ಪ್ರತಿಮೆಯ ನೆಪದಲ್ಲಿ ಈ ಜಾತ್ರೆ ಕಟ್ಟಿದೆನೋ ಅದನ್ನೇ ನೋಡುವುದಿಲ್ಲವೆಂದು ತರಗತಿಯಲ್ಲಿ ಹೇಳುವಾಗ ಕರಿಹಲಗೆಯ ಕಡೆ ತಿರುಗಿ ಏನೋ ಒರೆಸುತ್ತ ಹೇಳಿದೆ. ಮೊದಲ ದಿನವೇ ಆಧಾರ್ ಕಾರ್ಡ್ ಮುಂದಿಟ್ಟುಕೊಂಡು, ಅದರಲ್ಲಿರುವ ಹಾಗೆಯೇ ಅಕ್ಷರಕ್ಕೆ ಅಕ್ಷರ ಪಟ್ಟಿ ಬರೆಯಿರಿ.

ಎರಡನೇ ಗುಂಡಿ ಸೋಮವಾರ. ಶುಕ್ರವಾರ ಸಂಜೆ ಹೊರಟು ಭಾನುವಾರ ಬೆಳಿಗ್ಗೆ ಇಳಿಯುವುದು, ಸೋಮವಾರ ಕೆಂಪು ಕೋಟೆ ಮತ್ತು ರಾಷ್ಟ್ರೀಯ ವಸ್ತುಸಂಗ್ರಹಾಲಯ ಎಂದು ನಾನು ಚಂದದ ಕೋಷ್ಟಕ ಮಾಡಿದ್ದೆ. ಗಣಿತ ಮಾಸ್ತರರು ಅದನ್ನು ನೋಡಿ, "ಸೋಮವಾರ ಇವೆಲ್ಲ ಬಾಗಿಲು ಹಾಕ್ತಾವಲ್ರಿ" ಅಂದರು. ಕೆಂಪು ಕೋಟೆಗೆ ರಜೆ, ವಸ್ತುಸಂಗ್ರಹಾಲಯಕ್ಕೆ ರಜೆ, ಗಾಂಧಿ ಕೊನೆಯ ದಿನಗಳನ್ನು ಕಳೆದ ಮನೆ ಗಾಂಧಿ ಸ್ಮೃತಿಗೂ ರಜೆ. ಕುತುಬ್ ಮಿನಾರ್, ಹುಮಾಯೂನ್ ಸಮಾಧಿ ವಾರವಿಡೀ ತೆರೆದಿರುತ್ತವೆ. ಆಗ್ರಾ ಸೇರಿಸುವ ಆಸೆಯಿದ್ದವರು ತಾಜ್‌ಮಹಲಿಗೆ ಶುಕ್ರವಾರ ರಜೆ ಎಂಬುದನ್ನು ಮರೆಯಬೇಡಿ. ಹೇಗೂ ಕೋಷ್ಟಕ ಹರಿದೆನಲ್ಲ, ಹದಿನಾಲ್ಕು ಜಾಗಗಳಲ್ಲಿ ಎಂಟನ್ನು ಹೊಡೆದು ಹಾಕಿದೆ. ಮಕ್ಕಳ ಮುಖ ಸಣ್ಣದಾಯಿತು. ಆದರೆ ದಿಲ್ಲಿಯಲ್ಲಿ 44 ಜನ ಬಸ್ಸಿನಿಂದ ಇಳಿದು, ತಲೆ ಎಣಿಸಿ, ತಪಾಸಣೆ ದಾಟಿ ಒಳಗೆ ಹೋಗಲು ಮುಕ್ಕಾಲು ತಾಸು ಬೇಕು. ಶೌಚಾಲಯಕ್ಕೆ ಇನ್ನೊಂದು ಅರ್ಧ ತಾಸು. ದಿನಕ್ಕೆ ಎರಡು ಜಾಗ, ಮೂರನೆಯದು ದೇವರು ಕೊಟ್ಟರೆ.

ವಸತಿ ಒಂದು ಧರ್ಮಶಾಲೆಯಲ್ಲಿ, ತಲೆಗೆ ರಾತ್ರಿಗೆ 250. ಬಿಸಿನೀರು ಉಂಟು ಎಂದಿದ್ದರು. ಉಂಟು, ಬೆಳಿಗ್ಗೆ ಐದರಿಂದ ಆರರವರೆಗೆ, ಎರಡು ನಲ್ಲಿಯಲ್ಲಿ. ನಲವತ್ತು ಮಕ್ಕಳಿಗೆ ಎಷ್ಟು ಹೊತ್ತು ಎಂದು ಕೇಳದೇ ಇದ್ದದ್ದು ನಮ್ಮ ತಪ್ಪು. ಮೂರು ದಿನ ಮುಖ, ಕೈಕಾಲು ತೊಳೆದು ಹೊರಬಿದ್ದ ಮಕ್ಕಳ ಫೋಟೊ ನೋಡಿ ಯಾರೂ ನಗಬಾರದು. ಚಳಿಯಂತೂ ಬೆಳಗಾವಿಯ ಚಳಿಯ ಅಣ್ಣ. ಎಲ್ಲರಿಗೂ ಸ್ವೆಟರ್, ಕಿವಿಟೋಪಿ, ಎರಡು ಜೊತೆ ಕಾಲುಚೀಲ ಕಡ್ಡಾಯ ಮಾಡಿದ್ದೆವು. ಐದು ಮಕ್ಕಳ ಹತ್ತಿರ ಸ್ವೆಟರ್ ಇರಲಿಲ್ಲ. ಹತ್ತನೇ ಇಯತ್ತೆಯವರಿಂದ ಎರವಲು ತಂದು, ಯಾರದು ಯಾರಿಗೆ ಎಂದು ಗೊತ್ತಾಗದ ಹಾಗೆ ಹಂಚಿದೆವು. ಉಬ್ಬಸದ ಮಗುವಿದ್ದರೆ ಇನ್‌ಹೇಲರ್ ಎರಡು ಒಯ್ಯಿರಿ, ಒಂದು ಮಗುವಿನ ಹತ್ತಿರ, ಒಂದು ನಿಮ್ಮ ಹತ್ತಿರ. ಚಳಿಗಾಲದ ದಿಲ್ಲಿಯ ಗಾಳಿ ಗಟ್ಟಿ ಎದೆಯವರನ್ನೂ ಕೆಮ್ಮಿಸುತ್ತದೆ. ಹುಡುಗಿಯರ ಪ್ಯಾಡ್‌ಗಳ ಚೀಲ ಶಿಕ್ಷಕಿಯ ಕೈಯಲ್ಲಿರಲಿ. ಎಲ್ಲರಿಗೂ ಮೊದಲೇ ತಿಳಿಸಿ, ಕೇಳಲು ಸಂಕೋಚಪಡುತ್ತಾರೆ.

ಹೊರಟ ದಿನ ಒಬ್ಬೊಬ್ಬರ ಚೀಲದಲ್ಲೂ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಶೇಂಗಾ ಹೋಳಿಗೆ. ಬೋಗಿಯೆಲ್ಲ ನಮ್ಮೂರಿನ ಅಡುಗೆಮನೆಯ ವಾಸನೆ. ನಮ್ಮ ಮಕ್ಕಳು ಮೂರು ಬೋಗಿಗಳಲ್ಲಿ ಹಂಚಿಹೋಗಿದ್ದರು. ರಾತ್ರಿ ನಾಲ್ವರೂ ಪಾಳಿ ಹಾಕಿ ಎಚ್ಚರವಿದ್ದೆವು.

ಪಾಠ ಅಂದರೆ ಆ ಹಗಲಿನದು. ಗೋಡೆಯ ನಕಾಶೆಯನ್ನು ಮಡಿಸಿ ತಂದಿದ್ದೆ, ಬರ್ತ್ ಮೇಲೆ ಹಾಸಿದೆವು. ಮಧ್ಯಾಹ್ನ ಭುಸಾವಳ ದಾಟಿದ ಮೇಲೆ ಬುರ್ಹಾನ್‌ಪುರ ಬಂತು. 1631ರಲ್ಲಿ ಮುಮ್ತಾಜ್ ಮಹಲ್ ತೀರಿಕೊಂಡ ಊರು ಇದೇ ಎಂದಾಗ, ಉಣ್ಣುತ್ತಿದ್ದವರೂ ಕಿಟಕಿಗೆ ಬಂದರು. ಸಂಜೆ ನರ್ಮದೆಯ ಸೇತುವೆ. ಹರ್ಷವರ್ಧನನನ್ನು ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿ ತಡೆದದ್ದು ಈ ನದಿಯ ಸೀಮೆಯಲ್ಲಿ, ಅದನ್ನು ರವಿಕೀರ್ತಿ ಐಹೊಳೆಯ ಕಲ್ಲಿನಲ್ಲಿ 634ರಲ್ಲಿ ಕೆತ್ತಿಸಿದ ಎಂದು ಎಷ್ಟು ವರ್ಷದಿಂದ ಕಲಿಸುತ್ತಿದ್ದೇನೋ. ಆ ನೀರು ನಾನೂ ಅವತ್ತೇ ಮೊದಲು ನೋಡಿದ್ದು. ಒಬ್ಬ ಹುಡುಗ ನಕಾಶೆಯ ಮೇಲೆ ಬಾದಾಮಿಯಿಂದ ಅಲ್ಲಿಗೆ ಗೇಣು ಹಾಕಿ ನೋಡಿ, "ಇಷ್ಟು ದೂರ ಆನಿ ಹೊಡ್ಕೊಂಡು ಬಂದ್ರೇನ್ರಿ?" ಎಂದು ಕೇಳಿದ. ಇನ್ನೊಬ್ಬಳ ಚಿಂತೆ ತುಘಲಕ್‌ನದು: "ನಮಗ ಕುಂತ್ ಕುಂತ್ ಬೆನ್ನು ಹೋಗೈತಿ, ದಿಲ್ಲಿ ಮಂದಿ ದೇವಗಿರಿಗೆ ನಡಕೋತ ಹೆಂಗ ಬಂದ್ರೋ." ನಾಲ್ಕು ವಾಕ್ಯದ ಟಿಪ್ಪಣಿ ಬರೆಸಿದ್ದರೆ ಇದು ಬರುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಗಾಂಧಿ ಸ್ಮೃತಿ. ಪ್ರವೇಶ ಉಚಿತ, ಜಂಗುಳಿ ಕಡಿಮೆ, ಮೊದಲ ದಿನಕ್ಕೆ ತಕ್ಕ ಜಾಗ. 1948ರ ಜನವರಿ 30ರ ಸಂಜೆ ಗಾಂಧಿ ಕೋಣೆಯಿಂದ ಪ್ರಾರ್ಥನೆಗೆ ನಡೆದ ದಾರಿಯಲ್ಲಿ ಹೆಜ್ಜೆಗಳನ್ನು ಎತ್ತಿ ಮೂಡಿಸಿದ್ದಾರೆ. ಆ ಹೆಜ್ಜೆಗಳು ಒಂದು ಕಡೆ ನಿಲ್ಲುತ್ತವೆ. ಮಕ್ಕಳು ಪಕ್ಕದಲ್ಲೇ ನಡೆದು ಅಲ್ಲಿಗೆ ಬಂದು ತಾವೂ ನಿಂತರು. ಯಾರೂ ಸುಮ್ಮನಿರಿ ಅನ್ನಬೇಕಾಗಲಿಲ್ಲ. ಗಾಂಧಿ ಒಂದೇ ಒಂದು ಸಲ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿದ್ದು, ಅದೂ ನಮ್ಮ ಬೆಳಗಾವಿಯಲ್ಲಿ, 1924ರಲ್ಲಿ ಎಂದು ನೆನಪಿಸಿದೆ. ನಿಮ್ಮಲ್ಲಿ ಆ ಅಧಿವೇಶನದ ಸ್ಮಾರಕ, ಟಿಳಕವಾಡಿಯ ವೀರಸೌಧ ನೋಡಿದವರು ಎಷ್ಟು ಮಂದಿ ಎಂದು ಕೇಳಿದೆ. ಮೂರು ಕೈ ಎದ್ದವು.

ಸೋಮವಾರ ಕುತುಬ್. ಇಲ್ಲಿ ವಯಸ್ಸಿನ ತಕರಾರು: ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದ ಒಳಗಿನವರಿಗೆ ಉಚಿತ, ಆದರೆ ಒಂಬತ್ತನೇ ಇಯತ್ತೆ ಅಂದರೆ ಅರ್ಧ ಮಕ್ಕಳು ಗೆರೆಯ ಈಚೆ, ಅರ್ಧ ಆಚೆ. ಹುಟ್ಟಿದ ದಿನಾಂಕದ ಪಟ್ಟಿ ಬೇರೆಯಾಗಿ ಒಯ್ಯಿರಿ. ಆಚೆಯವರಿಗೆ ಮೊಬೈಲಿನಲ್ಲೇ ಟಿಕೆಟ್ ತೆಗೆದರೆ ಐದು ರೂಪಾಯಿ ಕಡಿಮೆ, ಸಾಲೂ ಇಲ್ಲ.

ಮೇಲೆ ಹತ್ತಲು ಯಾಕೆ ಬಿಡೋದಿಲ್ಲ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಹೇಳಲೋ ಬೇಡವೋ ಎಂದು ಅನುಮಾನಿಸಿ ಹೇಳಿದೆ. 1981ರ ಡಿಸೆಂಬರ್ 4ರಂದು ಒಳಗಿನ ಮೆಟ್ಟಿಲಲ್ಲಿ ದೀಪ ಆರಿ, ನೂಕುನುಗ್ಗಲಾಗಿ 45 ಜನ ಸತ್ತರು, ಹೆಚ್ಚಿನವರು ಪ್ರವಾಸಕ್ಕೆ ಬಂದ ಶಾಲಾ ಮಕ್ಕಳು. ಅಂದಿನಿಂದ ಬಾಗಿಲು ಮುಚ್ಚಿದೆ. ಆ ಮೇಲೆ ಅವರು ಎತ್ತರ ಎಷ್ಟು ಮೀಟರ್ ಎಂದು ಕೇಳಲಿಲ್ಲ. ಅವತ್ತಿನಿಂದ ತಲೆ ಎಣಿಸುವಾಗ ಯಾರೂ ಗೊಣಗಲೂ ಇಲ್ಲ.

ಹಾಗೆ ಎಣಿಸಿದರೆ ಅಲ್ಲೇ 39 ಬಂತು. ಮತ್ತೆ ಎಣಿಸಿದೆವು, 39. ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ಪಿಇ ಮಾಸ್ತರರು ಹಿಂದಕ್ಕೆ ಓಡಿದರು. ಹುಡುಗ ಅಲ್ಲಿನ ಹಳೆಯ ಕಬ್ಬಿಣದ ಕಂಬದ ಸುತ್ತಲಿನ ಬೇಲಿಗೆ ಮೂತಿ ಹಚ್ಚಿ ನಿಂತಿದ್ದ. ಪುಸ್ತಕದಲ್ಲಿನ ಬ್ರಾಹ್ಮಿ ಅಕ್ಷರಗಳನ್ನು ಕಂಬದ ಮೇಲಿನ ಗುಪ್ತರ ಕಾಲದ ಶಾಸನದಲ್ಲಿ ಹುಡುಕುತ್ತಿದ್ದನಂತೆ. ಬೈಯಲು ಬಾಯಿ ತೆರೆದ ಮಾಸ್ತರರು, "ಎಷ್ಟು ಅಕ್ಷರ ಸಿಕ್ಕಾವಲೇ?" ಎಂದು ಕೇಳಿದರಂತೆ. ಎರಡು. ಪ್ರತಿ ಎಂಟು ಮಕ್ಕಳಿಗೆ ಒಬ್ಬ ನಾಯಕನನ್ನು ಮಾಡಿ, ನಿಮ್ಮ ಫೋನ್ ನಂಬರು ಬರೆದ ಚೀಟಿ ಎಲ್ಲರ ಕೊರಳಿಗೂ ಹಾಕಿ.

ಮಂಗಳವಾರ ಬೆಳಿಗ್ಗೆ ಕೆಂಪು ಕೋಟೆ. ನಿಜ ಹೇಳಬೇಕೆಂದರೆ ಮಕ್ಕಳು ದಣಿದಿದ್ದರು, ಷಹಜಹಾನನ ಸಂಗಮರವರಿ ಅವರ ತಲೆಗೆ ಹೋಗಲಿಲ್ಲ. 1858ರಲ್ಲಿ ಮುದುಕ ಬಹದ್ದೂರ್ ಷಾ ಜಫರ್‌ನನ್ನು ಅವನದೇ ದರಬಾರಿನಲ್ಲಿ ಕಟಕಟೆಗೆ ನಿಲ್ಲಿಸಿದ ಕತೆಗೆ ಮಾತ್ರ ಕಿವಿಗೊಟ್ಟರು. ವಸ್ತುಸಂಗ್ರಹಾಲಯದಲ್ಲಿ ಎಲ್ಲ ಬಿಟ್ಟು ಹರಪ್ಪ ವಿಭಾಗ ಒಂದನ್ನೇ ತೋರಿಸಿದೆವು, ಒಳ್ಳೆಯದೇ ಆಯಿತು. ಮೊಹೆಂಜೊದಾರೊದ ನರ್ತಕಿಯ ಮುಂದೆ ಮಕ್ಕಳು ನಿಂತೇ ಇದ್ದರು, ಆಮೇಲೆ ಒಬ್ಬಳು, "ಅಕ್ಕೋರ, ಇಷ್ಟ ಸಣ್ಣಾಕೀನ?" ಪುಸ್ತಕದಲ್ಲಿ ಅರ್ಧ ಪುಟ ತುಂಬುವ ಆ ಹುಡುಗಿಯ ಎತ್ತರ ಹತ್ತೂವರೆ ಸೆಂಟಿಮೀಟರ್. ಲಕ್ಷ್ಮಿ ತನ್ನ ಅಂಗೈ ತೆರೆದು ಗಾಜಿಗೆ ಹಿಡಿದು ಅಳೆದಳು. ಕಾವಲಿನವನು ಬಯ್ದ.

ಬುಧವಾರ ರಾಷ್ಟ್ರೀಯ ಯುದ್ಧ ಸ್ಮಾರಕಕ್ಕೆ ಒಂದು ತಾಸು ಇಟ್ಟಿದ್ದೆ, ಎರಡೂವರೆ ಹಿಡಿಯಿತು. ಗೋಡೆಯ ಕಲ್ಲುಕಲ್ಲಿನ ಮೇಲೂ ಒಬ್ಬೊಬ್ಬ ಸೈನಿಕನ ಹೆಸರು, ರೆಜಿಮೆಂಟು. ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವುದು ಬೆಳಗಾವಿಯಲ್ಲೇ, ನಮ್ಮ ಸೀಮೆಯ ಊರುಗಳಿಂದ ಎಷ್ಟೋ ಮಂದಿ ಅದಕ್ಕೆ ಸೇರಿದವರು. ಆ ದಳದ ಹೆಸರು ಸಿಕ್ಕಾಗಲೆಲ್ಲ ಒಬ್ಬರು ಕೂಗುವುದು, ಉಳಿದವರು ಓಡುವುದು. ಪಾಸು ಸಿಗದ ಸಂಸತ್ತನ್ನು ಬಸ್ಸಿನ ಕಿಟಕಿಯಿಂದ ತೋರಿಸಿದೆ.

ಬರುವಾಗ ಮಂಜು ಮುಸುಕಿ ಗಾಡಿ ತಡವಾಯಿತು, ನಿಜಾಮುದ್ದೀನ್ ಪ್ಲಾಟ್‌ಫಾರ್ಮಿನಲ್ಲಿ ನಾಲ್ಕು ತಾಸು. ಆಗ ಕಾಪಾಡಿದ್ದು ಉಳಿಸಿಟ್ಟ ಖಡಕ್ ರೊಟ್ಟಿ. ಎರಡು ಹೊತ್ತಿನ ರೊಟ್ಟಿ ಮುಟ್ಟದೆ ಕಟ್ಟಿಡಿ.

ತಲೆಗೆ 3,600 ಕೂಡಿಸಿದ್ದೆವು. ರೈಲು, ವಸತಿ, ಮೂರು ದಿನದ ಬಸ್ಸು, ಊಟ, ಟಿಕೆಟ್, ಔಷಧಿ ಎಲ್ಲ ಕಳೆದು ಒಬ್ಬೊಬ್ಬರಿಗೆ 62 ರೂಪಾಯಿ ಉಳಿಯಿತು. ಬಿಲ್ಲುಗಳನ್ನು ಗೋಡೆಗೆ ಅಂಟಿಸಿ, ಪಾಲಕರನ್ನು ಕರೆದು, ಸಹಿ ಪಡೆದು ಹಿಂದಿರುಗಿಸಿದೆವು. ಲಕ್ಷ್ಮಿಯ ಮನೆಯಿಂದ ಅಜ್ಜಿ ಬಂದಿದ್ದಳು. ಹೆಬ್ಬೆಟ್ಟು ಒತ್ತಿ, ಮಸಿ ಸೆರಗಿಗೆ ಒರೆಸಿಕೊಳ್ಳುತ್ತ ಕೇಳಿದಳು:

"ಚೆನ್ನವ್ವನ್ನ ನೋಡಿದ್ರೇನ ಅಕ್ಕೋರ?"

"ಇಲ್ಲಬೇ, ಕಾಗದ ಆಗಲಿಲ್ಲ."

"ಬೈಲಹೊಂಗಲದಾಗ ಆಕೀ ಸಮಾಧಿ ಐತಲ್ಲ, ಅದನ್ನರ ತೋರಿಸೀರೇನ ಹುಡುಗೂರಿಗೆ?"

ಬೈಲಹೊಂಗಲ ನಮ್ಮೂರಿನಿಂದ ಬಸ್ಸಿನಲ್ಲಿ ಒಂದು ತಾಸು. 22 ಹುಡುಗಿಯರಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿಗೆ ರೊಕ್ಕವೂ ಇಲ್ಲ, ಆಧಾರ್ ತೋರಿಸಿದರೆ ಸಾಕು. ಹೆಸರು ಯಾವ ಅಕ್ಷರದಲ್ಲಿದೆ ಎಂದು ಕಂಡಕ್ಟರ್ ಕೇಳುವುದಿಲ್ಲ.